ಕರು ಹುಡುಕಲು ಹೊರಟ ಏಕನಾಥಮ್ಮ

ನಲವತ್ತೈದು ತುಂಬುವ ಹೊತ್ತಿಗೆ ಏಕನಾಥಮ್ಮನಿಗೆ ಹಿತ್ತಿಲಿನಿಂದ ಬೀದಿಬಾಗಿಲಿಗೆ ಬರುವುದೇ ಒಂದು ಪ್ರಯಾಣವಾಗಿತ್ತು. ಅಡುಗೆಮನೆಯ ಹೊಸ್ತಿಲ ಹತ್ತಿರ ಒಮ್ಮೆ, ನಡುಮನೆಯ ಗೋಡೆ ಹಿಡಿದು ಇನ್ನೊಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕು. ಮಾರಿಕಣಿವೆಯ ಅಣೆಕಟ್ಟಿನ ಕೆಳಗೆ ನೀರಾವರಿ ನೌಕರರ ಮನೆಗಳ ಸಾಲಿತ್ತು. ಅದರಲ್ಲಿ ಕೊನೆಯ ಮನೆ ಅವಳದು. ಗಂಡ ಚಿತ್ರಲಿಂಗಪ್ಪನಿಗೆ ಅಣೆಕಟ್ಟಿನ ನೀರಿನ ಮಟ್ಟವನ್ನು ದಿನಾ ಓದಿ ಪುಸ್ತಕದಲ್ಲಿ ಬರೆದಿಡುವ ಕೆಲಸ. ಮಗ ಹೊಳಲ್ಕೆರೆಯಲ್ಲಿ ಮೇಷ್ಟ್ರಾಗಿದ್ದ. ಮಗಳು ಉಚ್ಚಂಗಮ್ಮನನ್ನು ಹಿಂದಿನ ವರ್ಷ, ಅಂದರೆ ಎಪ್ಪತ್ಮೂರರಲ್ಲಿ, ಮತ್ತೋಡಿಗೆ ಮದುವೆ ಮಾಡಿ ಕೊಟ್ಟಿದ್ದರು.

ಹಾಗೆಂದು ಏಕನಾಥಮ್ಮ ಕೂತು ಬೆಳೆದವಳೇನಲ್ಲ. ಯಲ್ಲದಕೆರೆಯ ಕುರಿ ಸಾಕುವವರ ಮನೆಯ ಹೆಣ್ಣು. ಎಂಟು ವರ್ಷಕ್ಕೇ ಅಪ್ಪನ ಹಿಂದೆ ಗುಡ್ಡ ಹತ್ತಿ, ಸೊಂಟಕ್ಕೆ ಬುತ್ತಿ ಕಟ್ಟಿಕೊಂಡು ಹೊತ್ತು ಮುಳುಗುವವರೆಗೆ ಕುರಿ ಕಾಯುತ್ತಿದ್ದಳು. ಮದುವೆಯಾಗಿ ಮಾರಿಕಣಿವೆಗೆ ಬಂದ ಹೊಸದರಲ್ಲೂ ನೀರಿಗೆ ಕಾಲುವೆಗೆ ಹೋಗಬೇಕಿತ್ತು, ಸೌದೆಗೆ ಗುಡ್ಡಕ್ಕೆ ಹೋಗಬೇಕಿತ್ತು, ರಾಗಿಯನ್ನು ಮನೆಯಲ್ಲೇ ಬೀಸಬೇಕಿತ್ತು. ಆಮೇಲೆ ಮನೆಯೊಳಗೇ ನಲ್ಲಿ ಬಂತು. ಸೀಮೆಎಣ್ಣೆ ಸ್ಟೌವ್ ಬಂತು. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಗಂಡನೇ ಸೈಕಲ್ಲಿನ ಹಿಂದೆ ರಾಗಿ ಚೀಲ ಕಟ್ಟಿಕೊಂಡು ಹೋಗಿ ಹಿಟ್ಟು ಮಾಡಿಸಿ ತರತೊಡಗಿದ. ಒಂದೊಂದು ಸುಖ ಬಂದಾಗಲೂ ಏಕನಾಥಮ್ಮ ದೇವರಿಗೆ ಕಾಯಿ ಒಡೆಸಿದಳು. ಕಾಲಿಗೆ ಕೆಲಸ ತಪ್ಪಿತು ಎನ್ನುವುದು ಅವಳಿಗೂ ತಿಳಿಯಲಿಲ್ಲ, ಬೇರೆ ಯಾರಿಗೂ ತಿಳಿಯಲಿಲ್ಲ.

ಮಗಳನ್ನು ಕಳಿಸಿಕೊಟ್ಟ ಮೇಲೆ ಕೂತಲ್ಲೇ ಕೂತುಬಿಟ್ಟಳು. ಮಂಡಿ ಊದಿತು. ಹಾಸಿಗೆಯಲ್ಲಿ ಬಿದ್ದರೆ ಕಣ್ಣು ಮುಚ್ಚದು, ಹಗಲು ತೂಕಡಿಕೆ ಬಿಡದು. ಸಾರಿಗೆ ಉಪ್ಪು ಹೆಚ್ಚಾದರೂ ಅಳು, ಕಡಿಮೆಯಾದರೂ ಅಳು. ಯಾಕೆ ಅಳುತ್ತೀಯೆ ಎಂದು ಗಂಡ ಕೇಳಿದರೆ, ಯಾಕೆಂದು ಗೊತ್ತಿಲ್ಲವಲ್ಲ ಎಂದು ಇನ್ನಷ್ಟು ಅಳು. ಚಿತ್ರಲಿಂಗಪ್ಪ ಕಣಿವೆ ಮಾರಮ್ಮನಿಗೆ ಹರಕೆ ಹೊತ್ತ, ತಾಯಿತ ಕಟ್ಟಿಸಿದ, ಎರಡು ಕಡೆ ಸೂಜಿ ಚುಚ್ಚಿಸಿದ. ಕೊನೆಗೆ ಒಂದು ಸೋಮವಾರ ಬಸ್ಸಿನಲ್ಲಿ ಕೂರಿಸಿಕೊಂಡು ಹಿರಿಯೂರಿಗೆ, ಹೊಸದಾಗಿ ಬಂದಿದ್ದ ಡಾಕ್ಟರಮ್ಮನ ಹತ್ತಿರ ಕರೆದೊಯ್ದ.

ಡಾಕ್ಟರಮ್ಮನಿಗೆ ಮಗಳ ವಯಸ್ಸಿಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು. ಎದೆ ನೋಡಿದಳು, ಮಂಡಿ ಒತ್ತಿ ನೋಡಿದಳು, ರಕ್ತ ಪರೀಕ್ಷೆ ಮಾಡಿಸಿದಳು. ಎಲ್ಲ ಆದ ಮೇಲೆ ಕೇಳಿದಳು.

"ದಿನಾ ಎಷ್ಟು ದೂರ ನಡೀತೀರಮ್ಮಾ?"

"ನಡೆಯಾದು ಯಾಕವ್ವ? ಮನೇಲೇ ಎಲ್ಲಾ ಐತೆ."

"ಅದೇ ನಿಮ್ಮ ಕಾಯಿಲೆ" ಎಂದಳು ಡಾಕ್ಟರಮ್ಮ. "ನಾಳೆ ಬೆಳಿಗ್ಗೆಯಿಂದ ನಡೀಬೇಕು. ಮೊದಲ ವಾರ ಕಾಲು ಗಂಟೆ, ಆಮೇಲೆ ಅರ್ಧ ಗಂಟೆ, ಆಮೇಲೆ ಒಂದು ಗಂಟೆ. ಓಡಬೇಡಿ. ಜೊತೆಯವರ ಹತ್ತಿರ ಮಾತಾಡೋಕೆ ಆಗೋ ಅಷ್ಟು ವೇಗ ಸಾಕು."

"ಎಲ್ಲಿಗೆ ನಡೀಬೇಕವ್ವ?"

"ಎಲ್ಲಿಗೂ ಇಲ್ಲ. ಸುಮ್ಮನೆ ಹೋಗಿ, ಸುಮ್ಮನೆ ವಾಪಸ್ ಬನ್ನಿ."

ಏಕನಾಥಮ್ಮ ಗಂಡನ ಮುಖ ನೋಡಿದಳು. ಅವನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ವಾಪಸ್ ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಸಿಟ್ಟು. ಇಷ್ಟು ದೂರ ಬಂದರೂ ಒಂದು ಇಂಜೆಕ್ಷನ್ ಕೂಡ ಕೊಡಲಿಲ್ಲವಲ್ಲ ಎಂದು ಅವನಿಗೆ. ಅವಳಿಗೆ ಬೇರೆಯೇ ಸಿಟ್ಟು.

"ಕೆಲ್ಸ ಇಲ್ದೆ ಬೀದೀಲಿ ನಡೆಯಾಕೆ ನಾನೇನ್ ಹುಚ್ಚೀನೇನ್ರಿ? ನೋಡ್ದೋರು ಏನಂತಾರೆ?"

ಅದೂ ನಿಜವೇ. ಗಂಡಸರು ಹೊರಟರೆ ಯಾರೂ ಕೇಳುವುದಿಲ್ಲ. ಹೆಂಗಸು ಹೊರಟಳೆಂದರೆ ಕೊಡ ಇರಬೇಕು, ಕುಡುಗೋಲು ಇರಬೇಕು, ಬುತ್ತಿ ಇರಬೇಕು. ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬರುವ ಹೆಂಗಸನ್ನು ಮಾರಿಕಣಿವೆ ಇನ್ನೂ ಕಂಡಿರಲಿಲ್ಲ.

ಆದರೂ ಮರುದಿನ ಬೆಳಕು ಹರಿಯುತ್ತಲೇ ಸೆರಗು ಸುತ್ತಿಕೊಂಡು ಹೊರಟಳು. ಡಾಕ್ಟರಮ್ಮನ ಮಾತಿಗಿಂತ, ಇನ್ನೊಂದು ದಿನವನ್ನು ಆ ಜಗಲಿಯ ಮೇಲೆ ಕೂತು ಕಳೆಯಬೇಕಲ್ಲ ಎಂಬ ಭಯವೇ ಅವಳನ್ನು ಎಬ್ಬಿಸಿತು. ಎರಡು ಮನೆ ದಾಟಿರಲಿಲ್ಲ, ಅಂಗಳಕ್ಕೆ ನೀರು ಹಾಕುತ್ತಿದ್ದ ಜಯಕ್ಕ ಚೊಂಬು ಹಿಡಿದೇ ನಿಂತಳು. ಸಾಲಿನಲ್ಲಿ ಒಂದು ಸೂಜಿ ಬಿದ್ದರೂ ಅವಳಿಗೆ ಕೇಳಿಸುತ್ತಿತ್ತು.

"ಇದೇನ್ ಏಕನಾಥಕ್ಕ, ಇಷ್ಟೊತ್ತಿಗೇ ಎತ್ಲಾಗ್ ಹೊಂಟ್ರಿ?"

ಏಕನಾಥಮ್ಮ ಸುಳ್ಳು ಹೇಳಿ ಅಭ್ಯಾಸವಿದ್ದವಳಲ್ಲ. ಬಾಯಿಗೆ ಬಂದದ್ದು ಬಂದುಬಿಟ್ಟಿತು.

"ಕರ ಹುಡ್ಕಾಕೆ ಕಣೆ ಜಯಕ್ಕ. ನಮ್ಮಣ್ಣ ಊರಿಂದ ನಿನ್ನೆ ಒಂದು ಕರ ಕಳಿಸಿದ್ದ. ಹಗ್ಗ ಕಿತ್ಕಂಡು ಹೋಗ್ಬಿಟ್ಟೈತೆ."

"ಅಯ್ಯೋ! ಯಾವ್ ಬಣ್ಣದ್ದು?"

"ಕೆಂದ. ಹಣೆ ಮ್ಯಾಲೆ ಬಿಳೀ ಚುಕ್ಕೆ ಐತೆ."

ಹೇಳಿದ ಮೇಲೆ ಅವಳಿಗೇ ಆ ಕರು ಕಣ್ಣಿಗೆ ಕಟ್ಟಿದಂತಾಯಿತು. ಕಾಲುವೆಯ ಏರಿಯ ಮೇಲೆ ಮೊದಲ ಬೇವಿನ ಮರದವರೆಗೆ ಹೋದಳು, ಬೊಡ್ಡೆಗೆ ಒರಗಿ ಕೂತಳು, ಏದುಸಿರು ಇಳಿದ ಮೇಲೆ ವಾಪಸ್ ಬಂದಳು. ಎರಡನೇ ದಿನ ಜಯಕ್ಕ ಕೇಳಿದಳು, "ಸಿಕ್ತೇನ್ರಿ?" "ಇಲ್ಲ ಕಣೆ." ಮೂರನೇ ದಿನ ಇನ್ನೂ ಮೂರು ಮನೆಯವರು ಕೇಳಿದರು. ನಾಲ್ಕನೇ ದಿನ ಒಬ್ಬರು ಕಾಲುವೆಗೆ ಬಿದ್ದಿರಬಹುದೇ ಎಂದರು, ಇನ್ನೊಬ್ಬರು ಚಿರತೆ ಹೊತ್ತೊಯ್ದಿರಬಹುದು ಎಂದರು. ಕರುವಿನ ಗತಿ ನೆನೆದು ಜಯಕ್ಕ ಕಣ್ಣೊರೆಸಿಕೊಂಡಳು. ಏಕನಾಥಮ್ಮನಿಗೆ ಒಳಗೊಳಗೇ ಪಾಪಭೀತಿ. ಆದರೆ ಇಷ್ಟರಲ್ಲಿ ಬೇವಿನ ಮರ ದಾಟಿ, ಅದರಾಚೆಯ ಸಣ್ಣ ಸೇತುವೆಯವರೆಗೆ ಹೋಗಿ ಬರುವಂತಾಗಿತ್ತು. ಕರು ಸಿಕ್ಕಿತು ಎಂದುಬಿಟ್ಟರೆ ನಾಳೆಯಿಂದ ಹೊರಡುವುದು ಹೇಗೆ?

ಭಾನುವಾರ ಚಿತ್ರಲಿಂಗಪ್ಪ ಅಣೆಕಟ್ಟಿನಿಂದ ಮನೆಗೆ ಬಂದಾಗ ಬಾಗಿಲ ಮುಂದೆ ಹತ್ತು ಹನ್ನೆರಡು ಜನ ನಿಂತಿದ್ದರು. ಗೇಟಿನ ಕಲ್ಲುಕಂಬಕ್ಕೆ ಒಂದು ಕೆಂದ ಕರು ಕಟ್ಟಿತ್ತು. ಹಣೆಯ ಮೇಲೆ ಬಿಳಿ ಚುಕ್ಕೆ, ರೂಪಾಯಿಯಗಲ. ಕಾಲುವೆ ಕಾಯುವ ಪಾಲಯ್ಯ ಮೈಯೆಲ್ಲ ಮುಳ್ಳು ತರಚಿಸಿಕೊಂಡು, ಗೆದ್ದ ಪೈಲ್ವಾನನ ಹಾಗೆ ನಿಂತಿದ್ದ.

"ಯಾರ್ದಪ್ಪ ಈ ಕರ?" ಎಂದ ಚಿತ್ರಲಿಂಗಪ್ಪ.

"ಯಾರ್ದು ಅಂದ್ರೆ? ನಿಮ್ದೇ ಸಾರ್! ನಾವು ಆರ್ ಜನ ಹೊತ್ತು ಹುಟ್ಟಿದಾಗ್ಲಿಂದ ಹುಡುಕಿದ್ವಿ. ಕೆಳಗಡೆ ಜಾಲಿ ಮೆಳೇಲಿ ಮೇಯ್ಕಂಡಿತ್ತು. ಬರಾಕೆ ಒಪ್ಲಿಲ್ಲ, ಹೊತ್ಕಂಡೇ ಬಂದ್ವಿ."

ಚಿತ್ರಲಿಂಗಪ್ಪ ಹೆಂಡತಿಯ ಕಡೆ ತಿರುಗಿದ. ಏಕನಾಥಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಬೀದಿಯ ಆ ತುದಿಯಿಂದ ಒಂದು ಕೂಗು ಕೇಳಿಸಿತು. ತಲೆಯ ಮೇಲೆ ಮೊಸರಿನ ಗಡಿಗೆ, ಕೈಯಲ್ಲೊಂದು ಕೋಲು, ಅರವತ್ತು ದಾಟಿದ ಹೆಂಗಸು ದಾಪುಗಾಲು ಹಾಕುತ್ತ ಬರುತ್ತಿದ್ದಳು. ಕಾಲುವೆಯ ಕೆಳಗಿನ ಹಟ್ಟಿಯ ಕಾಳಕ್ಕ. ದಿನಾ ಎರಡು ಮೈಲಿ ನಡೆದು ಬಂದು ಈ ಸಾಲಿಗೆ ಮೊಸರು ಹಾಕಿ ಹೋಗುತ್ತಿದ್ದಳು.

"ಯಾವನಲೇ ನನ್ ಕರ ಹೊಡ್ಕಂಡು ಬಂದೋನು? ಹಗಲೊತ್ತೇ ಕಳ್ತನ ಮಾಡಾ ಕಾಲ ಬಂತೇನ್ರಲೇ!"

ಪಾಲಯ್ಯ ತಬ್ಬಿಬ್ಬಾದ. ಜಯಕ್ಕ ಏಕನಾಥಮ್ಮನ ಪರವಾಗಿ ವಾದಕ್ಕೆ ನಿಂತಳು. "ಇದು ಯಲ್ಲದಕೆರೆಯಿಂದ ಬಂದ ಕರ ಕಣಜ್ಜಿ, ನಿನ್ನದಲ್ಲ!" ಮಾತಿಗೆ ಮಾತು ಬೆಳೆಯಿತು. ಕಾಳಕ್ಕ ಕೋಲೆತ್ತಿದಳು. ಇನ್ನು ಸುಮ್ಮನಿದ್ದರೆ ತನ್ನಿಂದ ಯಾರದಾದರೂ ತಲೆ ಒಡೆಯುತ್ತದೆ ಎನಿಸಿ ಏಕನಾಥಮ್ಮ ಮೆಟ್ಟಿಲಿಳಿದು ನಡುವೆ ಬಂದು ನಿಂತಳು.

"ನಿಲ್ರಿ. ಕರ ಆಯಮ್ಮಂದೇ. ನಮ್ಮಣ್ಣ ಯಾವ ಕರಾನೂ ಕಳಿಸಿಲ್ಲ. ನಂದು ತಪ್ಪಾತು."

ಡಾಕ್ಟರಮ್ಮ ಹೇಳಿದ್ದು, ಬರಿಗೈಯಲ್ಲಿ ಹೊರಡಲು ನಾಚಿಕೆಯಾದದ್ದು, ಬಾಯಿ ತಪ್ಪಿ ಕರು ಹುಟ್ಟಿದ್ದು, ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಕುತ್ತಿಗೆಯವರೆಗೆ ಬೆವೆತಳು. ಪಾಲಯ್ಯ ತನ್ನ ಮೊಣಕೈಯ ಮುಳ್ಳುಗೀರು ನೋಡಿಕೊಂಡ. ಮೊದಲು ನಕ್ಕಿದ್ದು ಕಾಳಕ್ಕ. ಗಡಿಗೆ ಇಳಿಸಿ, ಹೊಟ್ಟೆ ಹಿಡಿದುಕೊಂಡು, ಇದ್ದ ನಾಲ್ಕು ಹಲ್ಲೂ ಕಾಣುವಂತೆ ನಕ್ಕಳು. ಅವಳ ನಗು ಕಂಡು ಜಯಕ್ಕ ನಕ್ಕಳು, ಬೀದಿಯೇ ನಕ್ಕಿತು. ಕೊನೆಗೆ ಪಾಲಯ್ಯನಿಗೂ ತಡೆಯಲಾಗಲಿಲ್ಲ.

"ನಡೆಯಾಕೆ ಕರ ಯಾಕವ್ವ ಬೇಕು? ಕಾಲ್ ಇದ್ರೆ ಸಾಲ್ದಾ?" ಎಂದಳು ಕಾಳಕ್ಕ, ಕಣ್ಣೊರೆಸಿಕೊಳ್ಳುತ್ತ. "ನಾಳಿಂದ ನನ್ ಜತೆ ಬಾ. ಮೊಸರು ಹಾಕಿ ನಾನು ಹಟ್ಟಿಗೆ ಹೋಗ್ಬೇಕಲ್ಲ, ಆಗ ಬಾ. ಯಾರಾದ್ರೂ ಕೇಳಿದ್ರೆ ಕಾಳಕ್ಕನ್ನ ಕಳಿಸಾಕೆ ಹೊಂಟೀನಿ ಅನ್ನು."

ಹೀಗೆ ಶುರುವಾಯಿತು. ಬಿಸಿಲೇರುವ ಮುಂಚೆ ಕಾಳಕ್ಕ ಖಾಲಿ ಗಡಿಗೆ ಹೊತ್ತು ಬಾಗಿಲಿಗೆ ಬಂದು "ಹೋಗಾಣ ಬಾರವ್ವ" ಎನ್ನುವಳು. ಮೊದಮೊದಲು ಸೇತುವೆಯಲ್ಲಿ ಏಕನಾಥಮ್ಮ ಕೂತುಬಿಡುತ್ತಿದ್ದಳು, ಮುದುಕಿ ಕಾಯುತ್ತ ನಿಲ್ಲುವಳು. ತಿಂಗಳು ಕಳೆಯುವಷ್ಟರಲ್ಲಿ ಕೂರುವುದು ತಪ್ಪಿತು. ಎರಡು ತಿಂಗಳಿಗೆ ಹಟ್ಟಿಯವರೆಗೂ ಹೋದಳು. ಅಲ್ಲಿ ಆ ಕೆಂದ ಕರುವಿನ ಕತ್ತಿನಡಿಯ ಗಂಗೆದೊಗಲು ತುರಿಸಿ, ಒಂದು ಲೋಟ ಮಜ್ಜಿಗೆ ಕುಡಿದು, ಒಬ್ಬಳೇ ವಾಪಸ್ ಬಂದಳು. ನಾಲ್ಕು ಮೈಲಿ! ಆ ದಿನ ಮನೆಗೆ ಬಂದವಳೇ ಎರಡು ಮುದ್ದೆ ಉಂಡು ಚಾಪೆಯ ಮೇಲೆ ಹಾಗೇ ಉರುಳಿದಳು. ಎದ್ದಾಗ ಕಣ್ಣೆಲ್ಲ ಹಗುರ. ಮಂಡಿಯ ಊತ ಯಾವಾಗ ಇಳಿಯಿತೋ ಅವಳಿಗೆ ನೆನಪಿಲ್ಲ. ಒಂದು ಬೆಳಿಗ್ಗೆ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಏನನ್ನೂ ಹಿಡಿಯದೆ ಎದ್ದು ನಿಂತಳು. ನಿಂತ ಮೇಲೆ ಗೊತ್ತಾಗಿ ಇನ್ನೊಮ್ಮೆ ಕೂತು, ಇನ್ನೊಮ್ಮೆ ಎದ್ದು ನೋಡಿದಳು.

ಮೈಯದು ಹಾಗಾಯಿತು. ಮನಸ್ಸಿನದು ಬೇರೆ ರೀತಿ. ಉಚ್ಚಂಗಮ್ಮನ ಅತ್ತೆ ಮದುವೆಯಲ್ಲಿ ಆಡಿದ ಒಂದು ಚುಚ್ಚುಮಾತು ವರ್ಷದಿಂದ ಏಕನಾಥಮ್ಮನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಮನೆಯಲ್ಲಿ ಕೂತು ನೆನೆದಾಗಲೆಲ್ಲ ಅದು ದೊಡ್ಡದಾಗುತ್ತಿತ್ತು. ಒಂದು ದಿನ ಏರಿಯ ಮೇಲೆ ಅದನ್ನು ಕಾಳಕ್ಕನಿಗೆ ಹೇಳತೊಡಗಿದಳು. ಕಾಳಕ್ಕ ಬುದ್ಧಿ ಹೇಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮುಂದೆ ನೋಡುತ್ತ "ಹೂಂ" ಎನ್ನುತ್ತ ನಡೆದಳು. ಎರಡನೇ ದಿನವೂ ಏಕನಾಥಮ್ಮ ಅದನ್ನೇ ಹೇಳಿದಳು. ಮೂರನೇ ದಿನ ಹೇಳಲು ಬಾಯಿ ತೆರೆದರೆ, ಕಾಲುವೆಯ ಬದಿಯ ಪೊದೆಯಿಂದ ಕೌಜುಗವೊಂದು ಮರಿಗಳ ಸಾಲು ಕಟ್ಟಿಕೊಂಡು ದಾರಿಗೆ ಅಡ್ಡ ಓಡಿತು. ಒಂದು, ಎರಡು, ಮೂರು, ಏಳು ಮರಿ. ಅವು ಆಚೆ ಮುಟ್ಟುವವರೆಗೆ ಇಬ್ಬರೂ ಉಸಿರು ಬಿಗಿಹಿಡಿದು ನಿಂತರು. ಆಮೇಲೆ ಏನು ಹೇಳಲು ಹೊರಟಿದ್ದೆ ಎಂದೇ ಅವಳಿಗೆ ಹೊಳೆಯಲಿಲ್ಲ. ಹೊಳೆದಾಗ ಹಟ್ಟಿ ಬಂದಿತ್ತು. ಆ ಮಾತಿಗೆ ಅಷ್ಟು ತೂಕ ಇರಲಿಲ್ಲ ಅನ್ನಿಸಿತು.

ಜಯಕ್ಕ ಎಷ್ಟು ದಿನ ತಾನೇ ಚೊಂಬು ಹಿಡಿದು ನೋಡಿಯಾಳು? ತನಗೂ ಸೊಂಟನೋವು ಎಂದು ಸೇರಿಕೊಂಡಳು. ಅವಳ ಹಿಂದೆ ಇನ್ನಿಬ್ಬರು ಬಂದರು. ಕಚೇರಿಯ ದೊಡ್ಡ ಗುಮಾಸ್ತರು ಚಿತ್ರಲಿಂಗಪ್ಪನನ್ನು ತಡೆದು, "ಏನಪ್ಪ, ನಿಮ್ಮ ಹೆಂಗಸರು ಕಾಲುವೆ ಇನ್‌ಸ್ಪೆಕ್ಷನ್‌ಗೆ ಹೊರಟಂಗೈತೆ" ಎಂದು ಚುಡಾಯಿಸಿದರು. ಅವನು ಮುಖ ಬಾಡಿಸಿಕೊಂಡು ಬಂದ. ಏಕನಾಥಮ್ಮ ಕೇಳಿ ನಕ್ಕಳು. "ಹೌದಂತ ಹೇಳ್ರಿ. ಮೂರ್ನೇ ಸೇತುವೆ ಕೆಳಗೆ ಕಲ್ಲು ಜರುಗೈತೆ, ನೀರು ಸೋರ್ತೈತೆ. ಅವರಿಗೆ ಗೊತ್ತಾ?" ಯಾರಿಗೂ ಗೊತ್ತಿರಲಿಲ್ಲ. ಹೋಗಿ ನೋಡಿದರೆ ಹೌದು. ಆಮೇಲೆ ಯಾರೂ ಚುಡಾಯಿಸಲಿಲ್ಲ.

ಮುಂದಿನ ವರ್ಷ ಯುಗಾದಿಗೆ ಎಂಟು ದಿನ ಇದೆಯೆನ್ನುವಾಗ ಅಣ್ಣ ಗುಡ್ಡಪ್ಪ ಹಬ್ಬಕ್ಕೆ ಬಾ ಎಂದು ಹೇಳಿ ಕಳಿಸಿದ. ಬಸ್ಸಿನಲ್ಲಿ ಹೋಗಬೇಕೆಂದರೆ ಹಿರಿಯೂರಿಗೆ ಹೋಗಿ, ಕಾದು, ಇನ್ನೊಂದು ಬಸ್ಸು ಹಿಡಿಯಬೇಕು. "ಹುಡುಗೀರಾಗಿದ್ದಾಗ ಗುಡ್ಡದ ದಾರೀಲಿ ಬರ್ತಿದ್ವಿ" ಎಂದಳು ಏಕನಾಥಮ್ಮ. ಕಾಳಕ್ಕ ಕೇಳಿದ್ದು ಒಂದೇ ಮಾತು. "ಬುತ್ತಿ ಯಾರು ಕಟ್ಟೋರು, ನೀನೋ ನಾನೋ?"

ಹಬ್ಬದ ಹಿಂದಿನ ದಿನ ನಸುಕಿಗೇ ಇಬ್ಬರೂ ಹೊರಟರು. ಏಕನಾಥಮ್ಮನ ಹೊಸ ಮೆಟ್ಟು ಕಾಲಿಗೆ ಹೊಂದಿಕೊಂಡಿರಲಿಲ್ಲ, ಸ್ವಲ್ಪ ದೂರ ಕೈಯಲ್ಲೇ ಹಿಡಿದು ನಡೆದಳು. ಬೇವು ಚಿಗುರಿತ್ತು, ಹೊಂಗೆ ಹೂ ಉದುರಿ ದಾರಿ ತುಂಬ ಹರಡಿತ್ತು. ಗುಡ್ಡದ ನೆತ್ತಿಯಲ್ಲಿ ಕೂತು ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದರು. ಹಿಂತಿರುಗಿ ನೋಡಿದರೆ ಅಣೆಕಟ್ಟಿನ ಹಿನ್ನೀರು ಬಿಸಿಲಿಗೆ ತಗಡಿನ ಹಾಗೆ ಹೊಳೆಯುತ್ತಿತ್ತು. ಇಪ್ಪತ್ತಾರು ವರ್ಷ ಆ ನೀರಿನ ಪಕ್ಕದಲ್ಲೇ ಸಂಸಾರ ಮಾಡಿದವಳು ಮದುವೆಯಾದ ಮೇಲೆ ಅದನ್ನು ಇಡಿಯಾಗಿ ನೋಡಿದ್ದು ಅದೇ ಮೊದಲು. ಎಷ್ಟು ಹೊತ್ತು ನೋಡಿದರೂ ಸಾಲದೆ ಕಾಳಕ್ಕನೇ ಎಬ್ಬಿಸಬೇಕಾಯಿತು.

ಹೊತ್ತು ನೆತ್ತಿಯಿಂದ ಇಳಿಯುವಾಗ ಯಲ್ಲದಕೆರೆ ಮುಟ್ಟಿದರು. ಏಕನಾಥಮ್ಮನ ತಾಯಿ ಸಿದ್ದಕ್ಕ ಬೇಲಿಯ ಹತ್ತಿರ ಕುರಿಮರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ತಲೆ ಎತ್ತಿ, ಕಣ್ಣಿಗೆ ಕೈ ಅಡ್ಡ ಹಿಡಿದಳು.

"ಯಾರೇ ಅದು? ಏಕಿನಾ? ಬಸ್ಸು ಬಂದ ಸದ್ದೇ ಇಲ್ಲ?"

"ಬಸ್ಸಲ್ಲಲ್ಲ ಕಣವ್ವ, ನಡ್ಕಂಡ್ ಬಂದೆ."

ಸಿದ್ದಕ್ಕ ಬಂದು ಮಗಳನ್ನು ಕಲ್ಲಿನ ಮೇಲೆ ಕೂರಿಸಿದಳು. ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು, ಕುರಿ ಕೊಳ್ಳುವವರು ನೋಡುವ ಹಾಗೆ, ಮೀನಖಂಡ ಹಿಸುಕಿ ನೋಡಿದಳು. ಗಟ್ಟಿಯಾಗಿತ್ತು. "ಗುಡ್ಡಾ, ಬಾರೋ ಇಲ್ಲಿ! ನನ್ ಮಗಳು ಕಣಿವೆಯಿಂದ ನಡ್ಕಂಡ್ ಬಂದವ್ಳೆ!" ಎಂದು ಕೂಗಿದ ಕೂಗಿಗೆ ಓಣಿಯವರೆಲ್ಲ ಹೊರಗೆ ಬಂದರು. ಆ ಹಬ್ಬದಲ್ಲಿ ಒಬ್ಬಟ್ಟಿಗಿಂತ ಹೆಚ್ಚಾಗಿ ಹಂಚಿದ್ದು ಆ ಸುದ್ದಿ.

ಈ ಎಲ್ಲದರಲ್ಲಿ ಹಿಂದೆ ಉಳಿದವನು ಚಿತ್ರಲಿಂಗಪ್ಪ. ಅವನಿಗೆ ಸೈಕಲ್ಲೇ ಕಾಲು. ಆದರೆ ಹೆಂಡತಿ ನಗುತ್ತ ಮನೆಗೆ ಬರುವುದು, ಇವತ್ತು ಅದು ಕಂಡೆ ಇದು ಕಂಡೆ ಎಂದು ಹೇಳುವುದು, ಇವನ್ನೆಲ್ಲ ನೋಡುತ್ತ ಅವನಿಗೆ ಏನೋ ತಪ್ಪಿಹೋದಂತೆ ಆಗುತ್ತಿತ್ತು. ಎಪ್ಪತ್ತಾರರ ಸುಗ್ಗಿ ಮುಗಿದ ಮೇಲೆ ಒಂದು ಸಂಜೆ ಕೆಲಸ ಬಿಟ್ಟು ಬರುವಾಗ ಸಂಜೆಯೂ ಒಂದು ಸುತ್ತು ನಡೆದು ಏರಿಯ ಮೇಲೆ ಒಬ್ಬಳೇ ಬರುತ್ತಿದ್ದ ಹೆಂಡತಿ ಕಂಡಳು. ಸೈಕಲ್ಲಿನಿಂದ ಇಳಿದ. "ಹತ್ತು, ಕೂತ್ಕೊ" ಎಂದ. "ನೀವೇ ಇಳಿದ್ರಲ್ಲ, ಬರ್ರಿ" ಎಂದಳು. ಸೈಕಲ್ ತಳ್ಳಿಕೊಂಡು ಪಕ್ಕದಲ್ಲಿ ನಡೆದ.

ಮರುದಿನವೂ ಇಳಿದ. ಮನೆಯಲ್ಲಿ ಎದುರು ಬದುರು ಕೂತಾಗ ಅವರಿಬ್ಬರ ನಡುವೆ ಊಟ, ಹಾಲು, ಮಕ್ಕಳ ಕಾಗದ ಬಿಟ್ಟರೆ ಬೇರೆ ಮಾತು ಹುಟ್ಟುತ್ತಿರಲಿಲ್ಲ. ಇಲ್ಲಿ ಮುಖ ನೋಡಬೇಕಾಗಿರಲಿಲ್ಲ, ದಾರಿ ನೋಡಿಕೊಂಡು ಮಾತಾಡಿದರೆ ಸಾಕಿತ್ತು. ವಾರ ಕಳೆಯಿತು. ಒಂದು ದಿನ ಸೇತುವೆಯ ಮೇಲೆ ಅವನು ಸೈಕಲ್ ನಿಲ್ಲಿಸಿ, ನೀರಿನ ಕಡೆ ನೋಡುತ್ತ ಹೇಳಿದ.

"ಲೇ, ಒಂದು ಮಾತು ಹೇಳ್ತೀನಿ. ಯಾರಿಗೂ ಹೇಳಬ್ಯಾಡ."

"ಏನ್ರಿ?"

"ನಂಗೆ ಈಜು ಬರಾಕಿಲ್ಲ."

ಏಕನಾಥಮ್ಮನಿಗೆ ಮೊದಲು ಅರ್ಥವಾಗಲಿಲ್ಲ.

"ಇಪ್ಪತ್ತೇಳು ವರ್ಷದಿಂದ ದಿನಾ ಆ ಮೆಟ್ಲು ಇಳ್ದು ನೀರಿನ ಮಟ್ಟ ಓದ್ತೀನಿ. ಒಂದೊಂದು ಮೆಟ್ಲಿಗೂ ದೇವರ ನೆನೀತೀನಿ. ಕೆಲ್ಸಕ್ಕೆ ಸೇರ್ಕಳಾವಾಗ ಸಾಹೇಬ್ರು ಕೇಳಿದ್ರು, ಬರ್ತೈತೆ ಅಂದ್ಬಿಟ್ಟೆ."

ಏಕನಾಥಮ್ಮ ಸೇತುವೆಯ ಕಟ್ಟೆಯ ಮೇಲೆ ಕೂತುಬಿಟ್ಟಳು. ನಗು ತಡೆಯಲು ಸೆರಗು ಬಾಯಿಗೆ ತುರುಕಿದರೂ ಆಗಲಿಲ್ಲ. ಅವನು ಮೊದಲು ಮುನಿಸಿಕೊಂಡು ನಿಂತ, ಆಮೇಲೆ ಅವನೂ ನಗತೊಡಗಿದ. ಇಪ್ಪತ್ತೇಳು ವರ್ಷದ ಭಾರ ಇಳಿಸಿದವನ ನಗು ಅದು.

"ನಾನು ಯಲ್ಲದಕೆರೆ ಕೆರೇಲಿ ಏಳ್ನೇ ವಯಸ್ಸಿಗೇ ಈಜು ಕಲ್ತೋಳು" ಎಂದಳು ಉಸಿರು ಸುಧಾರಿಸಿಕೊಂಡು. "ಇಷ್ಟು ದಿನ ಯಾಕ್ರಿ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

ಬೇಸಿಗೆಯಲ್ಲಿ ಕಾಲುವೆಯ ನೀರು ಎದೆಮಟ್ಟಕ್ಕಿಂತ ಕೆಳಗೆ ಇಳಿದಾಗ, ಬೆಳಗಿನ ನಡಿಗೆ ಮುಗಿಸಿ ಗಂಡಹೆಂಡಿರು ಹಟ್ಟಿಯ ಹತ್ತಿರದ ಸೋಪಾನಕ್ಕೆ ಇಳಿದರು. ಗುಟ್ಟು ತಿಳಿದಿದ್ದ ಕಾಳಕ್ಕ ಎರಡು ಒಣ ಸೋರೆಬುರುಡೆ ಜೋಡಿಸಿ ಹಗ್ಗ ಹೆಣೆದು ಕೊಟ್ಟಿದ್ದಳು. ಐವತ್ತೆರಡು ವರ್ಷದ ಚಿತ್ರಲಿಂಗಪ್ಪ ಬನಿಯನ್ ಚಡ್ಡಿಯಲ್ಲಿ ಬುರುಡೆಗಳನ್ನು ಸೊಂಟಕ್ಕೆ ಕಟ್ಟಿಕೊಂಡು ನೀರಿಗಿಳಿದು ಹೆಂಡತಿಯ ಎರಡೂ ಕೈ ಹಿಡಿದ. ಏಕನಾಥಮ್ಮ ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಸೊಂಟದವರೆಗಿನ ನೀರಿನಲ್ಲಿ ಹಿಮ್ಮುಖವಾಗಿ ಹೆಜ್ಜೆ ಹಾಕುತ್ತ ಅವನನ್ನು ಎಳೆದುಕೊಂಡು ಹೋಗುತ್ತಿದ್ದಳು.

"ಕಾಲು ಬಡೀರಿ! ಇನ್ನೂ ಜೋರಾಗಿ! ಹಂಗೇ!"

ದಡದ ಮೇಲೆ ಕಾಳಕ್ಕ ಚಪ್ಪಾಳೆ ತಟ್ಟುತ್ತಿದ್ದಳು. ನೀರು ಎಲ್ಲ ಕಡೆ ಚಿಮ್ಮುತ್ತಿತ್ತು. ಏಕನಾಥಮ್ಮ ಮೆಲ್ಲಗೆ ಒಂದು ಕೈ ಬಿಟ್ಟಳು, ಆಮೇಲೆ ಇನ್ನೊಂದು. ಚಿತ್ರಲಿಂಗಪ್ಪ ಗಲ್ಲ ಮೇಲೆತ್ತಿ, ಕಣ್ಣು ಬಿಗಿಯಾಗಿ ಮುಚ್ಚಿ, ತನ್ನಷ್ಟಕ್ಕೆ ತೇಲುತ್ತ ಅವಳನ್ನು ದಾಟಿ ಮುಂದೆ ಹೋದ.